ಮುಯ್ಯಿ ಯಾವ ಕಾಲಮ್ಮಿಗೆ?

"ಸಾಲ ಇಲ್ಲ ಸರ್. ಮುಯ್ಯಿ ಇದೆ," ಎಂದ ಮುತ್ತುರಾಜ.

ಟಿಫನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದ ವಾದಿರಾಜರು ಕೈ ನಿಲ್ಲಿಸಿದರು. ಅವರು ಕಾರ್ಖಾನೆಯ ಅಕೌಂಟ್ಸ್ ವಿಭಾಗದ ಹಿರಿಯರು. ಮುತ್ತುರಾಜ ಅಲ್ಲೇ ಲ್ಯಾಬಿನಲ್ಲಿ ಔಷಧದ ಪುಡಿಗಳನ್ನು ಪರೀಕ್ಷಿಸುವ ಕೆಮಿಸ್ಟ್. ತಂಗಿ ಮೋನಿಕಾಳ ಮದುವೆಗೆ ಗುಬ್ಬಿಯ ಛತ್ರದವರು ಅಡ್ವಾನ್ಸ್ ಕೇಳಿದಾಗ ಅವನ ಖಾತೆಯಲ್ಲಿ ಅಷ್ಟು ದುಡ್ಡಿರಲಿಲ್ಲ. ಸಂಬಳ ಬಂದು ಇನ್ನೂ ವಾರವಷ್ಟೇ ಆಗಿತ್ತು. ಕೊನೆಗೆ ಹೆಂಡತಿ ನೇತ್ರಾವತಿಯೇ ತನ್ನ ಖಾತೆಯಿಂದ ಕಳಿಸಿದ್ದಳು. ಮಿಲಿಗ್ರಾಂ ವ್ಯತ್ಯಾಸ ಬಂದರೂ ಇಡೀ ಬ್ಯಾಚನ್ನು ತಡೆದು ನಿಲ್ಲಿಸುವ ತನಗೆ ಸ್ವಂತ ಸಂಬಳ ಎಲ್ಲಿ ಕರಗುತ್ತದೆಂದು ಗೊತ್ತಿಲ್ಲವಲ್ಲ ಎಂದು ನಾಚಿಕೆಯಾಗಿ, ಅವನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ವಾದಿರಾಜರ ಬಳಿ ಪಾಠಕ್ಕೆ ಕೂತಿದ್ದ.

"ಮುಯ್ಯಿ ಅಂದ್ರೆ ಮದುವೇಲಿ ಕವರ್ ಕೊಡ್ತಾರಲ್ಲ, ಅದಾ?"

"ಕವರ್ ಅಲ್ಲ ಸರ್. ಓದಿಸೋದು."

ಅವನು ವಿವರಿಸಿದ. ಛತ್ರದ ಬಾಗಿಲ ಹತ್ತಿರ ಟೇಬಲ್ ಹಾಕಿಕೊಂಡು ಹಿರಿಯರೊಬ್ಬರು ಕೂರುತ್ತಾರೆ. ಬಂದ ನೆಂಟರು ದುಡ್ಡು ಕೊಡುತ್ತಾರೆ. ಇಂಥ ಊರಿನ ಇಂಥವರು ಇಷ್ಟು ಎಂದು ಸುತ್ತಲಿನವರಿಗೆ ಕೇಳುವಂತೆ ಓದಿ ಬರೆದುಕೊಳ್ಳಲಾಗುತ್ತದೆ. ಮುಂದೆ ಅವರ ಮನೆಯಲ್ಲಿ ಮದುವೆಯೋ ಗೃಹಪ್ರವೇಶವೋ ಆದಾಗ ಅಷ್ಟನ್ನು, ಮೇಲೆ ಒಂದಿಷ್ಟು ಸೇರಿಸಿ, ಇವರು ಓದಿಸಬೇಕು.

"ಅಂದ್ರೆ ವಾಪಸ್ ಕೊಡಲೇಬೇಕು?"

"ಹೌದು ಸರ್."

"ಬಡ್ಡಿ ಥರ ಮೇಲೆ ಬೇರೆ ಹಾಕಬೇಕು?"

"ಹೂಂ."

"ಮತ್ತೆ ಅದು ಲಯಬಿಲಿಟಿ ಅಲ್ದೆ ಇನ್ನೇನ್ರೀ? ಬರೀರಿ."

"ನಾವೂ ಬೇರೆಯವರಿಗೆ ಕೊಟ್ಟಿದೀವಲ್ಲ ಸರ್?"

"ಅದು ಅಸೆಟ್ಟು. ಈ ಕಡೆ ಬರೀರಿ." ವಾದಿರಾಜರು ಮೊಸರನ್ನಕ್ಕೆ ಉಪ್ಪಿನಕಾಯಿ ಹಚ್ಚಿಕೊಂಡರು. "ನಾಳೆ ನಿಮಗೇನಾದ್ರೂ ಆದ್ರೆ ನಿಮ್ಮ ಮನೆಯವರ ತಲೆ ಮೇಲೆ ಎಷ್ಟು ಬೀಳುತ್ತೆ ಅನ್ನೋದು ನಿಮಗೆ ಗೊತ್ತಿರಬೇಕು. ಪ್ಲಾನಿಂಗ್ ಅಲ್ಲಿಂದಲೇ ಶುರು."

ಆ ಮಾತು ಮುತ್ತುರಾಜನೊಳಗೆ ಎಲ್ಲೋ ಹೋಗಿ ಕೂತಿತು. ಹೈಸ್ಕೂಲಿನಲ್ಲಿ ಅಟೆಂಡರ್ ಆಗಿದ್ದ ಅವನ ಅಪ್ಪ ಒಂದು ಬೆಳಿಗ್ಗೆ ಶಾಲೆಯ ಗೇಟು ತೆಗೆಯಲು ಹೋದವರು ಮತ್ತೆ ಮನೆಗೆ ಬರಲಿಲ್ಲ. ಆಗ ಮುತ್ತುರಾಜ ಪಿಯುಸಿ.

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಅವನು ತುಮಕೂರಿನ ಶೆಟ್ಟಿಹಳ್ಳಿಯ ತನ್ನ ಮನೆಯಿಂದ ಗುಬ್ಬಿಗೆ ಹೋದ. ಅಂಗನವಾಡಿ ಕಾರ್ಯಕರ್ತೆಯಾಗಿದ್ದ ಅಮ್ಮ ಹೊಂಬಾಳಮ್ಮ ಮೋನಿಕಾಳ ಜೊತೆ ಅಲ್ಲಿದ್ದರು. ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ಅವನು ಫೋನಿನಲ್ಲಿ ಲೆಕ್ಕದ ಹಾಳೆ ತೆರೆದು ಎದುರಿಗೆ ಕೂತ.

"ನನ್ನ ಮದ್ವೇಲಿ ಯಾರ್ಯಾರು ಎಷ್ಟೆಷ್ಟು ಓದಿಸಿದ್ರು, ಹೇಳಮ್ಮ."

"ಯಾಕ್ಲಾ ಮಗ?"

"ಸುಮ್ನೆ, ಲೆಕ್ಕಕ್ಕೆ."

"ಚಿಕ್ಕಬೋರಯ್ಯ ಎರಡು ಸಾವಿರದ ಒಂದು. ಅದ್ರಲ್ಲಿ ನಿಮ್ಮಪ್ಪ ಅವನ ಮದ್ವೇಲಿ ಓದಿಸಿದ್ದು ಐನೂರು ಸೇರ್ಕೊಂಡದೆ. ಆ ಐನೂರಲ್ಲಿ ನಿಮ್ಮ ತಾತ..."

"ಅಮ್ಮ, ಒಂದೊಂದಾಗಿ ಹೇಳು."

"ಒಂದೊಂದಾಗಿ ಹೇಳಕ್ಕಾಗಲ್ಲ ಕಣೋ. ಒಂದಕ್ಕೊಂದು ಅಂಟ್ಕೊಂಡವೆ."

ಆದರೂ ಅವನು ಬಿಡಿಸಿ ಬಿಡಿಸಿ ಬರೆದುಕೊಂಡ. ಎಲ್ಲಕ್ಕಿಂತ ದೊಡ್ಡದು ಅಮೃತೂರಿನ ಸೋದರಮಾವ ಚಿಕ್ಕರಂಗಯ್ಯನವರದು: ಇಪ್ಪತ್ತೈದು ಸಾವಿರದ ಒಂದು. ಅದನ್ನು ಹೇಳುವಾಗ ಅಮ್ಮನ ಮುಖದಲ್ಲಿ ಹೆಮ್ಮೆಯಿತ್ತು. ಅಮ್ಮನಿಗಿದ್ದವರು ಈ ಅಣ್ಣ ಒಬ್ಬರೇ. ಮೋನಿಕಾಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವರೂ ಅವರೇ. ಮದುವೆಗೆ ಮೂರು ವಾರವಿತ್ತು.

ಶೆಟ್ಟಿಹಳ್ಳಿಗೆ ವಾಪಸು ಬಂದ ಮೇಲೆ ಆ ಪಟ್ಟಿ ಅವನಿಗೆ ನೆಮ್ಮದಿ ಕೊಡಲಿಲ್ಲ. ಬ್ಯಾಂಕಿನ ಸಾಲಕ್ಕಾದರೆ ಕಂತಿದೆ, ಕೊನೆಯ ತಾರೀಖಿದೆ. ಮುಯ್ಯಿಗೆ ಅದ್ಯಾವುದೂ ಇಲ್ಲ. ಮಾವನ ಮನೆಯಲ್ಲಿ ಮುಂದಿನ ಮದುವೆ ಎಂದರೆ ಮಗಳು ಸುಮನಾಳದ್ದು. ಅವಳು ಇನ್ನೂ ಬಿಎಸ್ಸಿ ಓದುತ್ತಿದ್ದಳು. ತಾರೀಖಿಲ್ಲದ ಹೊರೆಯನ್ನು ಯಾವ ಪ್ಲಾನಿನಲ್ಲಿ ಕೂರಿಸುವುದು? ಮೇಲಾಗಿ ಮೋನಿಕಾಳ ಮದುವೆಯಲ್ಲಿ ಬರುವ ಹೊಸ ಮುಯ್ಯಿ ಹಳೆಯದರ ಜೊತೆ ಬೆರೆತರೆ ಯಾವುದು ಯಾವುದೆಂದು ತಿಳಿಯುವುದೇ ಇಲ್ಲ. ಲ್ಯಾಬಿನಲ್ಲಿ ಹೊಸ ಪ್ರಯೋಗ ಶುರು ಮಾಡುವ ಮುಂಚೆ ದ್ರಾವಣ ಅಳೆಯುವ ಗಾಜಿನ ಬ್ಯುರೆಟ್ಟನ್ನು ಸೊನ್ನೆಗೆ ತರಬೇಕು. ಅದು ಅವನು ಮೊದಲ ವರ್ಷದ ಬಿಎಸ್ಸಿಯಲ್ಲಿ ಕಲಿತ ಮೊದಲ ಪಾಠ.

ಅದೇ ವಾರ ಸಂಬಳದ ಅರಿಯರ್ಸ್ ಬಂತು. ಅವನು ಪಟ್ಟಿಯಲ್ಲಿದ್ದ ಎಲ್ಲ ಮನೆಗಳಿಗೂ ಅವರವರ ದುಡ್ಡನ್ನು ಫೋನಿನಲ್ಲೇ ಹಾಕಿದ. ಯಾರಿಗೂ ಬೇಸರವಾಗಬಾರದೆಂದು ಆ ಒಂದೊಂದು ರೂಪಾಯಿಯನ್ನೂ ಮರೆಯಲಿಲ್ಲ. ಕೆಳಗೆ ಒಂದು ಸಾಲು ಬರೆದ: 'ನನ್ನ ಮದುವೆಯ ಮುಯ್ಯಿ ವಾಪಸ್. ಧನ್ಯವಾದಗಳು.' ಹಾಳೆಯಲ್ಲಿ ಸಾಲದ ಕಾಲಮ್ಮಿನ ಮೊತ್ತ ಸೊನ್ನೆಯಾಯಿತು. ಬಹಳ ದಿನಗಳ ನಂತರ ಅವನು ಶಿಳ್ಳೆ ಹಾಕಿಕೊಂಡು ಸ್ನಾನಕ್ಕೆ ಹೋದ.

ಸ್ನಾನ ಮುಗಿಸಿ ಬರುವಷ್ಟರಲ್ಲಿ ಗುಬ್ಬಿಯ ಮನೆಯ ಪಕ್ಕದ ಶಕುಂತಲಮ್ಮ ಫೋನ್ ಮಾಡಿದ್ದರು. ಅವನು ತಿರುಗಿ ಮಾಡಿದ.

"ಮುತ್ತು, ಮದುವೆ ನಿಂತೋಯ್ತೇನಪ್ಪ?" ಅವರ ದನಿ ಮೆಲ್ಲಗಿತ್ತು.

"ಯಾರ್ ಹೇಳಿದ್ರು ಅತ್ತೆ?"

"ಮತ್ತೆ ದುಡ್ಡು ವಾಪಸ್ ಹಾಕಿದ್ಯಲ್ಲಪ್ಪ? ಸಿನಿಮಾ ಟಿಕೆಟ್ ಕ್ಯಾನ್ಸಲ್ ಆದ್ರೆ ಹಾಕ್ತಾರಲ್ಲ, ಹಂಗೆ?"

ಆಮೇಲೆ ಅಪ್ಪನ ದಾಯಾದಿ ಚಿಕ್ಕಬೋರಯ್ಯನವರು ಮಾಡಿದರು. "ಏನ್ಲಾ ಮುತ್ತ, ಎರಡು ಸಾವಿರದ ಒಂದೇ ಹಾಕಿದೀಯ? ಮೇಲ್ಗಡೆದು ಎಲ್ಲಿ?" ಎಂದು ನಕ್ಕರು. ನಗು ನಿಂತ ಮೇಲೆ, "ನಾವೇನ್ ಮಾಡಿದ್ವಪ್ಪ ನಿಮ್ಗೆ?" ಎಂದರು. ಅವನಿಗೆ ಅರ್ಥವಾಗಲಿಲ್ಲ. ದುಡ್ಡು ಕೊಡದಿದ್ದರೆ ಜನ ಕೋಪಿಸಿಕೊಳ್ಳುವುದನ್ನು ಅವನು ನೋಡಿದ್ದ. ಕೊಟ್ಟಿದ್ದಕ್ಕೆ?

ಸಂಜೆ ಅಮ್ಮನ ಫೋನ್ ಬಂತು. ಅಮ್ಮ ಅಳುತ್ತಿದ್ದರು.

"ಕಾರ್ಯ ಇಲ್ದೆ ಮುಯ್ಯಿ ವಾಪಸ್ ಕೊಟ್ರೆ ಏನರ್ಥ ಗೊತ್ತೇನ್ಲಾ? ನಮ್ಮನೇಗೆ ನೀವು ಬರ್ಬೇಡಿ, ನಿಮ್ಮನೇಗೆ ನಾವು ಬರಲ್ಲ ಅಂತ. ನಮ್ಮಣ್ಣಂಗೆ ಅಂಗ್ ಮಾಡ್ದಲ್ಲ!"

"ಅಮ್ಮ, ಸಾಲ ತೀರಿಸೋದು ತಪ್ಪಾ?"

"ಸಾಲ ಅಂದೋರ್ ಯಾರು? ಅವನು ಏನಂದ ಗೊತ್ತಾ? ಲೆಕ್ಕ ಮುಗೀತಲ್ಲ ಹೊಂಬಾಳ, ಇನ್ ನಾನ್ಯಾಕೆ, ಬೇಕಾದೋರ್ನ ಕರ್ಕೊಳ್ಳಿ ಅಂದ. ನಾಳೆ ಮೋನಿಕಾನ ಮಂಟಪಕ್ಕೆ ಯಾರು ಕರ್ಕೊಂಡ್ ಬರ್ತಾರೆ? ನಿನ್ ಫೋನಾ?"

ಹಿಂದಿನಿಂದ ಮೋನಿಕಾ, "ಅಣ್ಣಂಗೆ ಹೇಳಮ್ಮ, ನಂಗೂ ಏನಾದ್ರೂ ವಾಪಸ್ ಕೊಡೋದಿದ್ರೆ ಈಗ್ಲೇ ಹಾಕ್ಬಿಡು ಅಂತ," ಎಂದದ್ದು ಕೇಳಿತು. ಅವಳು ತಮಾಷೆ ಮಾಡುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ಮಾರನೆಯ ದಿನ ಅವನು ವಾದಿರಾಜರ ಮುಂದೆ ನಿಂತ. ಅವರು ಕನ್ನಡಕ ತೆಗೆದು ಇಟ್ಟರು.

"ಬರೀರಿ ಅಂದೆ ಕಣ್ರೀ. ಕಟ್ಟಿಬಿಡಿ ಅಂತ ಯಾರಂದ್ರು?"

"ಬರೆದ ಮೇಲೆ ಕಟ್ಟಬೇಕು ಅನ್ನಿಸ್ತು ಸರ್."

"ನಮ್ಮ ಕಡೆ ಮದುವೆ ಪತ್ರಿಕೇಲಿ 'ಆಶೀರ್ವಾದವೇ ಉಡುಗೊರೆ' ಅಂತ ಹಾಕಿಸ್ತೀವಿ. ಆದ್ರೂ ಎಲ್ಲರೂ ಏನೋ ಒಂದು ತರ್ತಾರೆ. ನಾವೂ ತಗೋತೀವಿ." ವಾದಿರಾಜರು ಸ್ವಲ್ಪ ಯೋಚಿಸಿದರು. "ಅದನ್ನ ಎಲ್ಲಿ ಬರೀಬೇಕು ಅಂತ ನನಗೂ ಗೊತ್ತಿಲ್ಲ. ಈ ವಿಷಯದಲ್ಲಿ ನನ್ನ ಕೇಳಬೇಡಿ."

ಆ ಭಾನುವಾರ ಅವನೂ ನೇತ್ರಾವತಿಯೂ ಬೈಕಿನಲ್ಲಿ ಹೊರಟರು. ಹೆಬ್ಬೂರು ದಾಟಿ, ಕುಣಿಗಲ್‌ನಲ್ಲಿ ಟೀ ಕುಡಿದರು. ಕುಣಿಗಲ್ ನೇತ್ರಾವತಿಯ ತವರು. ಆದರೂ ಅವಳು ಮನೆಗೆ ಹೋಗೋಣ ಎನ್ನಲಿಲ್ಲ.

"ಹೋದ್ರೆ ನಮ್ಮಪ್ಪಂಗೂ ಏನಾದ್ರೂ ವಾಪಸ್ ಕೊಟ್ಬಿಡ್ತೀರ," ಎಂದಳು.

"ಮಾವಂಗೆ ಕ್ಷಮಿಸಿ ಅಂತೀನಿ."

"ಅಂತೀರ. ಆಮೇಲೆ?"

ಆಮೇಲೆ ಏನು ಎಂಬುದು ಅವನಿಗೆ ಗೊತ್ತಿರಲಿಲ್ಲ. ಅಮೃತೂರು ತಲುಪುವವರೆಗೂ ಅವನು ಅದನ್ನೇ ಹುಡುಕಿದ.

ಚಿಕ್ಕರಂಗಯ್ಯನವರು ಮನೆಯ ಮುಂದೆ, ನೆಲಕ್ಕೆ ನೆಟ್ಟ ಹಾರೆಯ ಚೂಪಿಗೆ ತೆಂಗಿನಕಾಯಿ ಕುಕ್ಕಿ ಸುಲಿಯುತ್ತಿದ್ದರು. ಇವರನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

"ಬಾಪ್ಪ. ಇನ್ನೇನ್ ಬಾಕಿ ಉಳೀತು? ಆ ಒಂದ್ ರೂಪಾಯಿನೂ ಸೇರ್ಸಿ ಹಾಕಿದ್ಯಲ್ಲ."

"ತಪ್ಪಾಯ್ತು ಮಾವ."

"ತಪ್ಪೇನ್ ಬಂತು? ಲೆಕ್ಕ ಸರಿಯಾಗದೆ." ಸಿಪ್ಪೆ ಕಿತ್ತು ಬಂತು. "ಆದ್ರೆ ಲೆಕ್ಕ ಅಂದ್ಮೇಲೆ ಪೂರ್ತಿ ಮಾಡ್ಬೇಕು ಕಣೋ. ನಿಮ್ಮಪ್ಪ ಹೋದ್ಮೇಲೆ ನೀನು ಡಿಗ್ರಿ ಮುಗ್ಸೋವರ್ಗೂ ಗುಬ್ಬಿಗೆ ರಾಗಿ ಯಾರ್ ಮನೆಯಿಂದ ಬತ್ತಿತ್ತು? ಅದನ್ನೂ ಹಾಕ್ಕೋ ಫೋನ್‌ಗೆ."

ಮುತ್ತುರಾಜನ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. "ಎಷ್ಟು ಮೂಟೆ ಮಾವ?"

ನೇತ್ರಾವತಿ ಕಣ್ಣು ಮುಚ್ಚಿಕೊಂಡಳು.

ಚಿಕ್ಕರಂಗಯ್ಯನವರು ಕಾಯಿ ಕೆಳಗಿಟ್ಟರು. ಬೈಯುತ್ತಾರೆ ಎಂದು ಅವನು ಕಾದ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕದರಮ್ಮನ ದನಿ ಬಂತು. "ರಾಗಿ ಹೇಳ್ತೀರಲ್ಲ, ನಾವು ಬೋರ್ ಕೊರ್ಸಿದಾಗ ಅವರಪ್ಪ ಬ್ಯಾಂಕಲ್ಲಿ ಜಾಮೀನು ನಿಂತಿದ್ದು ಹೇಳಿ."

"ಜಾಮೀನೇನ್ ದುಡ್ಡೇನೇ?"

"ದುಡ್ಡಲ್ದೆ? ನೀವು ಕಟ್ಟದೇ ಇದ್ದಾಗ ಅವರ ಸಂಬಳದಲ್ಲಿ ಹಿಡ್ಕೊಳ್ಳಲಿಲ್ವಾ?" ಅತ್ತೆ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದರು. "ಬಾ ನೇತ್ರಾ, ಬಿಸಿಲಲ್ಲಿ ನಿಂತಿದೀಯಲ್ಲ."

"ಅದು ಆಮೇಲಿನ್ ಮಾತು. ಅದಕ್ ಮುಂಚೆ ಇವನು ಹುಟ್ಟಿದಾಗ ಹೊಂಬಾಳನ ಬಾಣಂತನ ಯಾರ್ ಮಾಡಿದ್ದು?"

"ನಾನು! ನಾನ್ ಮಾಡಿದ್ದನ್ನ ನಿಮ್ ಲೆಕ್ಕಕ್ಕೆ ಯಾಕ್ ಹಾಕ್ಕೋತೀರ?"

"ತುಪ್ಪ ಯಾರ್ದು?"

"ಎಮ್ಮೆ ನಮ್ಮಪ್ಪ ಕೊಟ್ಟಿದ್ದು!"

ಗಲಾಟೆ ಕೇಳಿ ಸುಮನಾ ಪುಸ್ತಕ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಏನ್ ಭಾವ, ಆಡಿಟ್ ನಡೀತಿದ್ಯಾ?" ಎಂದಳು.

ಮುತ್ತುರಾಜನಿಗೆ ನಗು ಬರಲಿಲ್ಲ. ಎಡಕ್ಕೆ ರಾಗಿ, ಬಲಕ್ಕೆ ಜಾಮೀನು, ಎಡಕ್ಕೆ ಬಾಣಂತನ, ಎಮ್ಮೆ ಯಾವ ಕಡೆಗೆ? ಅವನ ತಲೆಯೊಳಗಿನ ಹಾಳೆಯಲ್ಲಿ ಸಾಲುಗಳು ಹುಟ್ಟುತ್ತಲೇ ಇದ್ದವು, ಮೊತ್ತ ಮಾತ್ರ ನಿಲ್ಲುತ್ತಿರಲಿಲ್ಲ. ಕೆಲವು ದ್ರಾವಣಗಳಿಗೆ ಆಮ್ಲ ಹಾಕಿದರೂ ಕ್ಷಾರ ಹಾಕಿದರೂ ನುಂಗಿಕೊಂಡು ಇದ್ದ ಹಾಗೇ ಇರುತ್ತವೆ. ಅವಕ್ಕೆ ಬಫರ್ ಎಂದು ಹೆಸರು. ರಸಾಯನಶಾಸ್ತ್ರದಲ್ಲಿ ಅದಕ್ಕೆ ಕಾರಣವಿದೆ, ಸಮೀಕರಣವಿದೆ. ಇಲ್ಲಿ ಏನಿದೆಯೋ ಅವನಿಗೆ ಕಾಣಲಿಲ್ಲ. ಯಾರು ಯಾರಿಗೆ ಕೊಡಬೇಕು ಎಂಬುದು ಈ ಇಬ್ಬರಿಗೂ ಗೊತ್ತಿಲ್ಲ, ಗೊತ್ತಿಲ್ಲ ಎಂಬ ಚಿಂತೆಯೂ ಇಲ್ಲ.

"ಯಾಕ್ಲಾ ಮಾಡ್ದೆ?" ಚಿಕ್ಕರಂಗಯ್ಯನವರು ಇದ್ದಕ್ಕಿದ್ದಂತೆ ಕೇಳಿದರು. ದನಿಯಲ್ಲಿದ್ದ ಕೊಂಕು ಹೋಗಿತ್ತು.

"ನಾಳೆ ನಾನಿಲ್ಲ ಅಂದ್ರೆ ಯಾರ್ಗೆ ಏನ್ ಕೊಡ್ಬೇಕು ಅಂತ ನೇತ್ರಂಗೆ ಗೊತ್ತಿರ್ಬೇಕಲ್ಲ ಮಾವ. ಅಪ್ಪ ಹೋದಾಗ ನಮ್ಗೆ ಏನೂ ಗೊತ್ತಿರ್ಲಿಲ್ಲ. ಯಾರೋ ಬಂದು ಅಷ್ಟ್ ಕೊಡ್ಬೇಕು ಅಂದ್ರು, ಅಮ್ಮ ಓಲೆ ಮಾರಿದ್ರು. ಅದು ನಿಜವಾ ಸುಳ್ಳಾ ಅಂತ ಈಗ್ಲೂ ಗೊತ್ತಿಲ್ಲ."

ಮಾವ ಹಾರೆಯ ತುದಿಯನ್ನು ಹೆಬ್ಬೆರಳಿನಿಂದ ಸವರಿದರು.

"ನೀನಿಲ್ಲ ಅಂದ್ರೆ ನಾವೆಲ್ಲಿಗ್ ಹೋಗಿರ್ತೀವಿ?"

ಅದಕ್ಕೆ ಉತ್ತರ ಬೇಕಿತ್ತೋ ಬೇಡವೋ ಎಂದು ಮುತ್ತುರಾಜ ಯೋಚಿಸುತ್ತಿರುವಾಗಲೇ ಅವರು ಮಾತು ಬದಲಿಸಿದರು. "ತಾಂಬೂಲಕ್ಕೆ ಕಾಯಿ ಎಲ್ಲಿ ಹೇಳಿದೀಯ?"

"ಗುಬ್ಬಿ ಮಂಡೀಲಿ ಮಾವ. ಅಡ್ವಾನ್ಸ್ ಕೊಟ್ಟಿದೀನಿ."

"ಮಂಡಿ ಕಾಯಿ!" ಅವರು ಎದ್ದೇ ನಿಂತರು. "ನಾನ್ ಬದುಕಿರುವಾಗ ಹೊಂಬಾಳನ ಮಗಳ ಮದ್ವೇಲಿ ಜನ ಮಂಡಿ ಕಾಯಿ ತಗೊಂಡ್ ಹೋಗ್ಬೇಕಾ? ಇದಕ್ಕಿಂತ ಆ ದುಡ್ಡು ಹಾಕಿದ್ದೇ ವಾಸಿ!"

ಅಡ್ವಾನ್ಸ್ ವಾಪಸು ಬರುವುದಿಲ್ಲ ಎಂಬುದು ಅವನಿಗೆ ಮೊದಲು ಹೊಳೆಯಿತು. ನಿಮ್ಮ ಕಾಯಿಗೆ ರೇಟ್ ಎಷ್ಟು ಎಂದು ಕೇಳಬೇಕೆಂಬುದು ಎರಡನೆಯದಾಗಿ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ನೇತ್ರಾವತಿ ಅವನ ಪಾದವನ್ನು ಗಟ್ಟಿಯಾಗಿ ತುಳಿದಳು.

"ಮಂಡಿಯವರಿಗೆ ಬೇಡ ಅಂತೀನಿ," ಎಂದ. "ನೀವೇ ಕೊಡಿ ಮಾವ."

"ಎಷ್ಟ್ ಬೇಕು?"

"ಎಷ್ಟು ಜನ ಬರ್ತಾರೋ ಗೊತ್ತಿಲ್ಲ."

"ಅದ್ ಗೊತ್ತಿಲ್ವಾ? ಇಷ್ಟೆಲ್ಲ ಲೆಕ್ಕ ಮಾಡ್ದಲ್ಲಯ್ಯ!" ಮಾವ ಹೆಂಡತಿಯ ಕಡೆ ತಿರುಗಿದರು. "ಎಂಎಸ್ಸಿ ಓದಿದಾನಂತೆ." ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. "ಹಿಂದಿನ್ ದಿನ ಗಾಡೀಲಿ ತುಂಬ್ಸಿ ತರ್ತೀನಿ ಬುಡು. ಒಳಗ್ ಬನ್ನಿ, ಊಟ ಮಾಡಿ."

ವಾಪಸು ಬರುವಾಗ ಕುಣಿಗಲ್ ದಾಟಿದ ಮೇಲೆ ಅವನು ಮಾತು ತೆಗೆದ.

"ಬರ್ತೀನಿ ಅಂತ ಅವರು ಹೇಳಲೇ ಇಲ್ಲ. ಕಾಯಿ ತರ್ತೀನಿ ಅಂದ್ರು."

"ಇನ್ ಹೆಂಗ್ರೀ ಹೇಳ್ತಾರೆ?"

"ಬರ್ತೀನಿ ಅಂತ."

ನೇತ್ರಾವತಿ ಅವನ ಹೆಲ್ಮೆಟ್ಟಿಗೆ ಬೆರಳಿನಿಂದ ಕುಟ್ಟಿದಳು. ಮಾವ ಬರುತ್ತಾರೋ ಇಲ್ಲವೋ ಎಂಬ ಅನುಮಾನ ಅವನಿಗೆ ಮದುವೆಯವರೆಗೂ ಹೋಗಲಿಲ್ಲ.

ಮದುವೆಯ ಹಿಂದಿನ ಸಂಜೆ ಗುಬ್ಬಿಯ ಛತ್ರದ ಮುಂದೆ ಗೂಡ್ಸ್ ಟೆಂಪೋ ಬಂದು ನಿಂತಿತು. ಮುಂದಿನ ಸೀಟಿನಿಂದ ಅತ್ತೆ ಇಳಿದರು, ಸುಮನಾ ಇಳಿದಳು, ಡ್ರೈವರ್ ಇಳಿದ. ಮತ್ತೆ ಯಾರೂ ಇಳಿಯಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಮ್ಮನ ಮುಖ ನೋಡಲು ಮುತ್ತುರಾಜನಿಗೆ ಧೈರ್ಯವಾಗಲಿಲ್ಲ.

"ಹಿಂದ್ಗಡೆ ಬಾಗ್ಲು ತೆಗೀರ್ಲಾ!" ಎಂಬ ಕೂಗು ಕೇಳಿತು.

ಚಿಕ್ಕರಂಗಯ್ಯನವರು ಕಾಯಿಗಳ ಮೇಲೆ ಟವೆಲ್ ಹಾಸಿಕೊಂಡು ಕೂತಿದ್ದರು. ಇಳಿದು, ಸೊಂಟ ಹಿಡಿದುಕೊಂಡು, ತಂಗಿಯ ಕಡೆ ನೋಡಿ, "ಮುಂದ್ಗಡೆ ಈ ಇಬ್ರು ಜಾಗ ಬಿಡ್ಲಿಲ್ಲ ಹೊಂಬಾಳ," ಎಂದರು. ಅಮ್ಮ ನೀರು ತರಲು ಓಡಿದರು.

ಬೆಳಿಗ್ಗೆ ಅವರು ಮೋನಿಕಾಳ ಕೈಹಿಡಿದು ಮಂಟಪಕ್ಕೆ ಕರೆತಂದರು. ಮೋನಿಕಾ ತಲೆ ತಗ್ಗಿಸಿಕೊಂಡೇ ಅಣ್ಣನ ಕಡೆ ಒಂದು ಸಲ ಕಣ್ಣೆತ್ತಿದಳು. ಧಾರೆ ಮುಗಿಯಿತು. ಬಾಗಿಲ ಹತ್ತಿರದ ಟೇಬಲ್ಲಿನಲ್ಲಿ ಚಿಕ್ಕಬೋರಯ್ಯನವರು ಕೂತಿದ್ದರು. ಮುತ್ತುರಾಜನೇ ಹೋಗಿ ಕೇಳಿಕೊಂಡು ಅವರನ್ನು ಕೂರಿಸಿದ್ದ. ಅವರ ದನಿ ದೊಡ್ಡದು.

"ತುಮಕೂರು ವಾದಿರಾಜರು, ಐನೂರ ಒಂದು!"

ಕವರನ್ನು ಮೆಲ್ಲಗೆ ಇಟ್ಟು ಹೋಗೋಣವೆಂದಿದ್ದ ವಾದಿರಾಜರು ಬೆಚ್ಚಿ ಮುತ್ತುರಾಜನ ಬಳಿ ಬಂದರು. "ಒಡೆದು ಓದಿಬಿಟ್ರಲ್ರೀ! ಈಗ ನೀವಿದನ್ನ ವಾಪಸ್ ಕೊಡಬೇಕಾ?"

"ಹೂಂ ಸರ್. ನಿಮ್ಮ ಮಗಳು ಅನನ್ಯ ಮದುವೆಗೆ."

"ಅವಳಿನ್ನೂ ಎಂಟನೇ ಕ್ಲಾಸು!" ಎಂದು ಅವರು ಊಟದ ಹಾಲಿಗೆ ಹೋದರು.

"ಅಮೃತೂರು ಚಿಕ್ಕರಂಗಯ್ಯನವರು," ಎಂದು ಓದಿದ ದನಿ ಅಲ್ಲಿಗೇ ನಿಂತಿತು. "ಐವತ್ತು ಸಾವಿರದ... ಎರಡಾ? ಒಂದಲ್ವಾ ಚಿಕ್ಕರಂಗಣ್ಣ?"

"ಎರಡು. ಬರ್ಕೋ."

ಮುತ್ತುರಾಜನಿಗೆ ಗುಣಾಕಾರ ತಕ್ಷಣ ಆಯಿತು. ಇಪ್ಪತ್ತೈದು ಸಾವಿರದ ಒಂದು, ಎರಡು ಸಲ: ಅವನು ವಾಪಸ್ ಹಾಕಿದ್ದು ಒಂದು ಪಾಲು, ಮೋನಿಕಾಳದ್ದು ಒಂದು ಪಾಲು. ಆದರೆ ಅಲ್ಲಿಂದ ಮುಂದೆ ಹೋಗಲಿಲ್ಲ. ಮಾವ ಮೊದಲಿನದನ್ನು ರದ್ದು ಮಾಡಿದರೋ? ಅಥವಾ ಅದನ್ನು ಸ್ವೀಕರಿಸಿ, ಹೊಸದಾಗಿ ದುಪ್ಪಟ್ಟು ಕೊಟ್ಟರೋ? ಹಳೆಯ ಸಾಲು ಅಳಿಸಬೇಕೋ, ಉಳಿಸಬೇಕೋ? ಅವನು ಕಂಬದ ಪಕ್ಕ ನಿಂತು ಫೋನಿನಲ್ಲಿ ಆ ಹಾಳೆ ತೆರೆದ. ಸೊನ್ನೆಯಿದ್ದಲ್ಲಿ ಐವತ್ತು ಸಾವಿರದ ಎರಡು ಎಂದು ಹಾಕಿದ. ಯಾವಾಗ ಕೊಡಬೇಕು ಎಂಬ ಜಾಗದಲ್ಲಿ 'ಸುಮನಾ ಮದುವೆ' ಎಂದು ಬರೆದ.

"ನಾನ್ ಮದ್ವೆ ಆಗಲ್ಲ ಭಾವ," ಎಂದಳು ಹಿಂದಿನಿಂದ ಇಣುಕಿದ ಸುಮನಾ. ಅವಳ ಕೈಯಲ್ಲಿ ಜಿಲೇಬಿಯಿತ್ತು. "ಎಂಎಸ್ಸಿ ಮಾಡ್ತೀನಿ. ಆಮೇಲೆ ಪಿಎಚ್‌ಡಿ. ಅಪ್ಪಂಗೆ ಇನ್ನೂ ಹೇಳಿಲ್ಲ, ನೀನೂ ಹೇಳ್ಬೇಡ. ಆಗೇನ್ ಮಾಡ್ತೀಯ?"

"ಎಂಎಸ್ಸಿ ಯಾವ್ದ್ರಲ್ಲಿ?"

"ಕೆಮಿಸ್ಟ್ರಿ."

"ಫೀಸು?"

"ಅದೇ ಗೊತ್ತಿಲ್ಲ." ಅವಳು ಜಿಲೇಬಿಯ ಅರ್ಧ ಮುರಿದು ಅವನಿಗೆ ಕೊಟ್ಟು ಹೋದಳು.

ಅವನು 'ಮದುವೆ' ಎಂಬುದನ್ನು ಅಳಿಸಿದ. 'ಸುಮನಾ' ಮಾತ್ರ ಉಳಿಯಿತು. ಆ ಸಾಲನ್ನು ಸಾಲದ ಕಾಲಮ್ಮಿನಿಂದ ತೆಗೆದು ಉಳಿತಾಯಕ್ಕೆ ಹಾಕಿದ, ಮತ್ತೆ ತೆಗೆದ. ಎರಡರ ನಡುವೆ ಒಂದು ಹೊಸ ಕಾಲಮ್ಮು ಸೇರಿಸಿದ. ಆ ತಿಂಗಳಿನಿಂದಲೇ ಪ್ರತಿ ತಿಂಗಳು ಅದಕ್ಕೆ ಎಷ್ಟು ಹಾಕಬಹುದೆಂದು ಲೆಕ್ಕ ಹಾಕಿ ಬರೆದ. ತಲೆಬರಹ ಏನೆಂದು ಹೊಳೆಯಲಿಲ್ಲ. ಜಿಲೇಬಿಯ ಪಾಕ ಸ್ಕ್ರೀನಿಗೆ ಅಂಟಿತ್ತು. ಅದನ್ನು ಪಂಚೆಗೆ ಒರೆಸುತ್ತಿರುವಾಗ ಮಾವ ಬಾಗಿಲ ಕಡೆಯಿಂದ ಕೂಗಿದರು.

"ಲೋ ಮುತ್ತ, ಕಾಯಿ ಸಾಲೋ ಹಂಗಿಲ್ಲ ಕಣೋ! ಎಷ್ಟು ಜನ ಕರ್ದಿದೀಯ?"

"ಗೊತ್ತಿಲ್ಲ ಮಾವ," ಎನ್ನುತ್ತಾ ಅವನು ಆ ಕಡೆ ಓಡಿದ.